ಮಗ್ಗದಲ್ಲಿ ಇಲ್ಲದ ಕರೆಂಟು

ಹೋದ ವಾರ ನಮ್ಮ ನೇಕಾರಿಕೆಯ ಶೆಡ್ಡಿನಲ್ಲಿ ಕರೆಂಟಿನ ಹಳೆಯ ಮಗ್ಗವೊಂದನ್ನು ಬಿಚ್ಚಿದರು. ಗುಜರಿಯವರು ಕಬ್ಬಿಣವನ್ನೆಲ್ಲ ಟೆಂಪೋಕ್ಕೆ ಏರಿಸಿಕೊಂಡು ಹೋದ ಮೇಲೆ ಗೋಡೆಗೆ ಬಡಿದಿದ್ದ ಕಟ್ಟಿಗೆಯ ಪೆಟ್ಟಿಗೆಯೊಂದು ಉಳಿಯಿತು. ಅದನ್ನು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಸವೆದ ಲಾಳಿ ಎರಡು, ನಟ್ಟು ತಿರುಗಿಸುವ ತುಕ್ಕು ಹಿಡಿದ ಪಾನಾ ಒಂದು, ಎಣ್ಣೆ ಕುಡಿದು ಕರ್ರಗಾದ ಅರಿವೆ. ಅರಿವೆಯ ಅಡಿಯಲ್ಲಿ ಕರೆಂಟು ಇದೆಯೇ ಎಂದು ನೋಡುವ ಒಂದು ಟೆಸ್ಟರು. ಹಳದಿ ಹಿಡಿಕೆ, ಹಿಡಿಕೆಯ ಸುತ್ತ ಒತ್ತೊತ್ತಾಗಿ ಸುತ್ತಿದ ಹತ್ತಿ ನೂಲು. ಬೆರಳು ಜಾರದಿರಲಿ ಎಂದು ಸುತ್ತಿದ್ದು. ಅದನ್ನು ಸುತ್ತಿಕೊಟ್ಟವನು ನಾನೇ.

ಸುತ್ತಲೂ ಮಗ್ಗಗಳು ಬಡಿಯುತ್ತಿದ್ದವು. ನಾನು ಪೆಟ್ಟಿಗೆಯನ್ನು ಹಾಗೇ ಬಿಟ್ಟು ನೆಲದ ಮೇಲೆ ಕೂತೆ...

ಆ ಮಗ್ಗ ಕಾಕಾನವರದು. ಕಾಕಾ ಎಂದರೆ ರಕ್ತ ಸಂಬಂಧವಲ್ಲ, ಇಡೀ ಶೆಡ್ಡಿಗೇ ಅವರು ಕಾಕಾ. ಚಿಮ್ಮಡದಿಂದ ಬನಹಟ್ಟಿಗೆ ದಿನಾಲು ಸೈಕಲ್ ಮೇಲೆ ಬರುತ್ತಿದ್ದರು. ಕುಡಿಯುವವರಲ್ಲ, ತಂಬಾಕು ಮುಟ್ಟುವವರಲ್ಲ. ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ಡಬ್ಬಿ, ಅದರಲ್ಲಿ ಲವಂಗ. ಯಾರಾದರೂ ಗುಟ್ಕಾ ಚೀಟಿ ಹರಿದರೆ ಎದುರಿಗೆ ಹೋಗಿ, "ಅದನ್ನ ಉಗುಳು, ಇದನ್ನ ಅಗಿ," ಎಂದು ಒಂದು ಲವಂಗ ಕೊಡುತ್ತಿದ್ದರು. ನಾನು ಏಳನೆಯ ತರಗತಿಗೆ ಸಾಲಿ ಬಿಟ್ಟು ಈ ಶೆಡ್ಡಿಗೆ ಬಂದಾಗ ಮಗ್ಗದ ಕೆಲಸ ಕಲಿಸಿದವರು ಅವರೇ. ಹರಿದ ಎಳೆಗೆ ಗಂಟು ಹಾಕುವುದನ್ನು ಅವರಿಂದ ನೋಡಬೇಕಿತ್ತು. ಒಂದೇ ಕೈ, ಎರಡೇ ಬೆರಳು. ನಾವು ಎಳೆಯ ತುದಿ ಹುಡುಕುವುದರೊಳಗೆ ಅವರ ಗಂಟು ಬಿದ್ದು, ಮಗ್ಗ ಮತ್ತೆ ಓಡುತ್ತಿತ್ತು. ಸೀರೆ ಬಿಚ್ಚಿ ಬೆಳಕಿಗೆ ಹಿಡಿದರೂ ಆ ಗಂಟು ಎಲ್ಲಿದೆ ಎಂದು ಕಾಣುತ್ತಿರಲಿಲ್ಲ.

ಮುಂದೆ ನಾನು ಅವರಿಗಿಂತ ಹೆಚ್ಚು ಮಗ್ಗ ನಡೆಸುವವನಾದೆ. ಒಬ್ಬನೇ ನಾಲ್ಕು ನಡೆಸುತ್ತಿದ್ದೆ, ಈಗಲೂ ನಡೆಸುತ್ತೇನೆ. ನಾನು ನೇಯ್ದ ಅರಿವೆ ತಿರುಗಿ ಬಂದದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ದುಡಿದು ಗಳಿಸಿದ ಮಾತು ಇದು. ಆದರೆ ದುಡಿಯುವವನಿಗೆ ಒಂದು ಸೊಕ್ಕು ಇರುತ್ತದೆ. ತನ್ನ ಮೈ ಎಂದೂ ಕೈಕೊಡುವುದಿಲ್ಲ ಎಂಬ ಸೊಕ್ಕು. ಕೈಕೊಟ್ಟವರನ್ನು ಕಂಡರೆ ನಗು ಬರುವ ಸೊಕ್ಕು.

ಒಂದು ಮಳೆಗಾಲದಲ್ಲಿ ಕಾಕಾ ಮಗ್ಗ ಬಂದ್ ಮಾಡಿ ಥಟ್ಟನೆ ಹಿಂದೆ ಸರಿದು ನಿಂತರು.

"ಮಗ್ಗಕ್ಕ ಕರೆಂಟ್ ಬಂದೈತಿ," ಎಂದರು. "ಎಳಿ ಹಚ್ಚಾಕ ಬಗ್ಗೀದ್ನೆಪಾ, ಬೆನ್ನಾಗಿಂದ ಝಲ್ ಅಂತ ಕಾಲಿನ ತನಕ ಹೊಡೀತು."

ಮಳೆಗಾಲದಲ್ಲಿ ಗೋಡೆ ಹಸಿಯಾಗಿ ಶೆಡ್ಡುಗಳಲ್ಲಿ ಕರೆಂಟು ಹರಿಯುವುದು ನಮಗೆ ಹೊಸದಲ್ಲ. ವೈರಿಂಗ್ ಮಾಡುವವನನ್ನು ಕರೆಸಿದರು. ಅವನು ಮಗ್ಗದ ಕಾಲಿಗೆ, ಮೋಟರಿಗೆ, ಎಲ್ಲ ಕಡೆ ಟೆಸ್ಟರ್ ಹಚ್ಚಿ ನೋಡಿದ. ಎಲ್ಲಿಯೂ ದೀಪ ಹತ್ತಲಿಲ್ಲ.

"ಏನೂ ಇಲ್ಲ ಕಾಕಾ," ಎಂದ.

"ನಿನ್ನ ಟೆಸ್ಟರ್ ಕೆಟ್ಟೈತಿ," ಎಂದರು ಕಾಕಾ.

ಮರುದಿನ ತಾವೇ ಒಂದು ಹೊಸ ಟೆಸ್ಟರ್ ಕೊಂಡು ತಂದರು. ಇದೇ ಹಳದಿ ಹಿಡಿಕೆಯದು. ದಿನಾ ಬೆಳಿಗ್ಗೆ ಮಗ್ಗಕ್ಕೆ ಕೈ ಮುಗಿದ ಮೇಲೆ ಅದನ್ನು ಹಚ್ಚಿ ನೋಡುವರು. ದೀಪ ಹತ್ತದು. ಕೆಲಸ ಶುರುವಾಗಿ ಒಂದು ತಾಸಿನೊಳಗೆ ಬಗ್ಗಿದಾಗ ಮತ್ತೆ ಝಲ್. ನಾವೆಲ್ಲ ಬರಿಗಾಲಲ್ಲಿ ನಿಂತು ಕೆಲಸ ಮಾಡಿದರೆ ಅವರು ರಬ್ಬರ್ ಚಪ್ಪಲಿ ಹಾಕಿ ನಿಂತರು. ಆಮೇಲೆ ಕಾಲಡಿ ಕಟ್ಟಿಗೆಯ ಹಲಗೆ ಹಾಕಿಕೊಂಡರು. ಶೆಡ್ಡಿನ ಹಿಂದೆ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿಸಿ ದಿನಾ ಒಂದು ಕೊಡ ನೀರು ಸುರಿದರು.

"ಮಂದಿ ತುಳಸಿಗೆ ನೀರ ಹಾಕ್ತಾರ, ನಮ್ಮ ಕಾಕಾ ಅರ್ಥಿಂಗಿಗೆ ಹಾಕ್ತಾರ!" ಎಂದೆ ನಾನು. ಶೆಡ್ಡೆಲ್ಲ ನಕ್ಕಿತು. ಕಾಕಾ ಕೂಡ ನಕ್ಕರು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಅವರ ಗಂಟುಗಳು ಜಾರತೊಡಗಿದವು. ಸೀರೆಯಲ್ಲಿ ಅಲ್ಲಲ್ಲಿ ಎಳೆ ಬಿಟ್ಟು ಸಂದಿ ಕಾಣುತ್ತಿತ್ತು. ಟೆಸ್ಟರ್ ಕೈಯಿಂದ ಬೀಳತೊಡಗಿತು. ನನ್ನ ಕಡೆ ತಂದು, "ಇದರ ಹಿಡಿಕಿ ಭಾಳ ನುಣ್ಣಗೈತಿ, ಒಂದೀಟು ನೂಲು ಸುತ್ತಿ ಕೊಡಲೇ ತಮ್ಮಾ," ಎಂದರು. ಸುತ್ತಿಕೊಟ್ಟೆ. ಜೀವಮಾನವೆಲ್ಲ ನೂಲಿನಲ್ಲೇ ಕಳೆದ ಮನುಷ್ಯ ಇಷ್ಟು ನೂಲನ್ನು ಯಾಕೆ ತಾವೇ ಸುತ್ತಿಕೊಳ್ಳಲಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಮಾಲಕರು ಒಂದು ಉಪಾಯ ಮಾಡಿದರು. ಕಾಕಾನ ಮಗ್ಗ ನನಗೆ, ನನ್ನದೊಂದು ಅವರಿಗೆ. ಎಂಟು ದಿವಸ ನಾನು ಅವರ ಮಗ್ಗದ ಮೇಲೆ ಬರಿಗಾಲಲ್ಲಿ ನಿಂತೆ. ಏನೂ ಆಗಲಿಲ್ಲ. ಅವರಿಗೆ ಮಾತ್ರ ನನ್ನ ಮಗ್ಗದಲ್ಲೂ ಝಲ್ ಎಂದಿತು. ಒಂಬತ್ತನೆಯ ದಿವಸ ಚಹಾದ ಹೊತ್ತಿನಲ್ಲಿ ಎಲ್ಲರೂ ಕೂಡಿದ್ದಾಗ ನಾನು ನೀರಲ್ಲಿ ಕೈ ಅದ್ದಿ, ಎರಡೂ ಕೈಯಿಂದ ಮಗ್ಗದ ಕಬ್ಬಿಣ ಹಿಡಿದು ನಿಂತೆ.

"ನೋಡ್ರಿ ಎಲ್ಲಾರೂ. ಎಲ್ಲೈತಿ ಕರೆಂಟ್? ಕಾಕಾ, ನಿಮಗ ಗಂಟ ಹಾಕೂದ ಆಗವಲ್ದು ಅಂದ್ರ ಆಗವಲ್ದು ಅನ್ರಿ. ಮಗ್ಗದ ಮ್ಯಾಲ ಯಾಕ ಹಾಕ್ತೀರಿ?"

ಈ ಸಲ ಕಾಕಾ ನಗಲಿಲ್ಲ. ಚಹಾದ ಬಸಿ ಅವರ ಕೈಯಲ್ಲಿತ್ತು. ಅದನ್ನು ಕೆಳಗಿಟ್ಟು ಎದ್ದು ಹೋದರು. ಹೋಗುವಾಗ ನಡಿಗೆ ಜೋಲಿ ಹೊಡೆಯುತ್ತಿತ್ತು. ಯಾರೋ, "ಕಾಕಾ ಹಚ್ಚಿಗಿಚ್ಚಿ ಬರ್ತಾರೇನಲೇ?" ಎಂದು ನನ್ನ ಕಿವಿಯಲ್ಲಿ ಕೇಳಿದ. ಸೆರೆಯ ಹನಿ ಮುಟ್ಟದವರ ಬಗ್ಗೆ ಕೇಳಿದ ಮಾತು ಅದು. ನಾನು ಹೌದೆನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಆ ವಾರದಿಂದಲೇ ಅವರು ಸೈಕಲ್ ಏರುವುದನ್ನು ಬಿಟ್ಟು ದೂಡಿಕೊಂಡು ಬರತೊಡಗಿದರು. ಆಮೇಲೆ ಅದೂ ನಿಂತಿತು, ಆಟೋದಲ್ಲಿ ಬಂದರು.

ಇದೇ ಹೊತ್ತಿಗೆ ನನ್ನ ಕುತ್ತಿಗೆಯೂ ಹಿಡಿದುಕೊಂಡಿತ್ತು. ಎಡಗಡೆ ಕಿವಿಯ ಕೆಳಗಿಂದ ಹೆಗಲಿನ ತನಕ ಕಲ್ಲು ಕಟ್ಟಿದ ಹಾಗೆ. ಪಕ್ಕದ ಮಗ್ಗ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಮುಲಾಮು ಹಚ್ಚಿದೆ, ನೋವಿನ ಗುಳಿಗೆ ನುಂಗಿದೆ, ಚೌರದ ಅಂಗಡಿಯಲ್ಲಿ ಕಟಕ್ ಎನ್ನಿಸಿಕೊಂಡೆ. ಆ ಹೊತ್ತಿಗೆ ಹಗುರ, ಸಂಜೆಗೆ ಮತ್ತೆ ಅದೇ. ಯಾರಿಗೂ ಹೇಳಲಿಲ್ಲ. ಕುತ್ತಿಗೆ ನೋವು ಎಂದರೆ ಕುರ್ಚಿಯಲ್ಲಿ ಕೂತವರ ಬೇನೆ ಎಂದು ಶೆಡ್ಡಿನಲ್ಲಿ ಹೇಳಿಕೊಂಡು ತಿರುಗಿದವನು ನಾನೇ. ಕೊನೆಗೆ ಮನೆಯವಳು ಬೈದು ಜಮಖಂಡಿಗೆ ಕಳಿಸಿದಳು, ಅಲ್ಲಿ ಸೂಜಿ ಗುಳಿಗೆ ಇಲ್ಲದೆ ವ್ಯಾಯಾಮ ಹೇಳಿ ಗುಣ ಮಾಡುವ ಫಿಜಿಯೋಥೆರಪಿಯವರು ಇದ್ದಾರೆಂದು. ಬೀಗರ ಮನೆಯಲ್ಲಿ ಕೆಲಸವಿದೆ ಎಂದು ಶೆಡ್ಡಿನಲ್ಲಿ ಹೇಳಿ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ನನ್ನ ತಂಗಿಯ ವಯಸ್ಸಿನ ಹೆಣ್ಣುಮಗಳು. ಹಿಂದಿರುಗಿ ಬಿಡಬೇಕು ಎನ್ನಿಸಿತು.

"ಅಣ್ಣಾರ, ದಿನಕ್ಕ ಎಷ್ಟ ತಾಸ ತಲಿ ಬಗ್ಗಿಸಿ ನಿಲ್ತೀರಿ?" ಎಂದು ಕೇಳಿದಳು.

"ಹನ್ನೆರಡ ತಾಸ ರೀ ಅಕ್ಕಾರ. ನಮ್ಮದು ದುಡಿಯೋ ಕುತ್ತಿಗಿ, ಕುಂತು ತಿನ್ನೋ ಕುತ್ತಿಗಿ ಅಲ್ಲ."

"ಕುತ್ತಿಗಿಗೆ ಅದೆಲ್ಲಾ ತಿಳ್ಯಂಗಿಲ್ರಿ," ಎಂದು ನಕ್ಕಳು. "ಅದಕ್ಕ ತಲಿ ಭಾರ ಅಷ್ಟ ಗೊತ್ತು. ತುಂಬಿದ ಕೊಡ ನಡಕ್ಕ ಇಟ್ಕೊಂಡ್ರ ಹೆಣ್ಮಕ್ಕಳು ಊರ ದಾಟ್ತಾರ. ಅದ ಕೊಡ ಕೈ ಚಾಚಿ ಹಿಡೀರಿ ನೋಡೂಣು, ಎಷ್ಟೊತ್ತು ಹಿಡೀತೀರಿ? ನೀವು ತಲಿ ಮುಂದ ಚಾಚಿದಾಗ ಕುತ್ತಿಗಿ ಹಿಂದಿನ ಸ್ನಾಯು ಹಂಗ ಹಿಡಕೊಂಡ ನಿಂತಿರ್ತಾವು. ಹನ್ನೆರಡ ತಾಸು."

ಓದಿದವರು ಯಾರೂ ನನ್ನ ಕೆಲಸವನ್ನು ಹೀಗೆ ನನಗೇ ಬಿಡಿಸಿ ಹೇಳಿರಲಿಲ್ಲ. ಅವಳು ನನ್ನ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಬೆರಳು ಬಿಗಿ ಹಿಡಿಸಿದಳು, ಸಣ್ಣ ಸುತ್ತಿಗೆಯಿಂದ ಮೊಣಕಾಲು ತಟ್ಟಿದಳು, ನೆಲದ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ಹಚ್ಚಿ ನಡೆಸಿದಳು. ಕಡೆಗೆ ಗದ್ದ ಎದೆಗೆ ಮುಟ್ಟಿಸಲು ಹೇಳಿ ಕೇಳಿದಳು:

"ಹಿಂಗ ಬಗ್ಗಿದಾಗ ಬೆನ್ನಾಗ ಕರೆಂಟ್ ಹೊಡದಂಗ ಆಕ್ಕೈತೇನ್ರಿ?"

ನನ್ನ ಗದ್ದ ಎದೆಗೆ ಹತ್ತಿಕೊಂಡೇ ಇತ್ತು.

"ಇಲ್ಲರಿ."

"ಅಂಗಿ ಗುಂಡಿ ಹಾಕೂದು ತ್ರಾಸ? ಕೈಯಾಗಿಂದ ಸಾಮಾನ ಬೀಳೂದು? ನಡೆಯೂವಾಗ ಜೋಲಿ?"

"ಇಲ್ಲರಿ... ಹಂಗಾದ್ರ ಏನ ರೀ ಅದು?"

"ಕುತ್ತಿಗಿ ಎಲುಬಿನ ಒಳಗ ಬೆನ್ನ ಹುರಿ ಅಂತ ಇರತೈತಿ. ತಲಿಯಿಂದ ಕೈಕಾಲಿಗೆ ಹೋಗೂ ದೊಡ್ಡ ನರ ಅಂತ ತಿಳೀರಿ. ಅದನ್ನ ಎಲುಬು ಒತ್ತಾಕತ್ತಿದ್ರ ಹಿಂಗ ಆಕ್ಕೈತಿ. ಅಂಥವ್ರಿಗೆ ನಾ ವ್ಯಾಯಾಮ ಸುದ್ದಾ ಹೇಳಂಗಿಲ್ಲ. ತಿಕ್ಕಬಾರದು, ಕಟಕ್ ಅನಸಬಾರದು. ಮೊದಲ ಸ್ಕ್ಯಾನು, ದೊಡ್ಡ ಡಾಕ್ಟರು. ಒಂದ ಸಣ್ಣಂಗ ಬಿದ್ರೂ ಕೈಕಾಲು ಹೋಗಿಬಿಡತಾವು." ನನ್ನ ಮುಖ ನೋಡಿದಳು. "ಯಾಕ್ರಿ? ನಿಮ್ಮ ಪೈಕಿ ಯಾರರ ಅದಾರೇನು?"

"ಇಲ್ರಿ. ಸುಮ್ನ ಕೇಳಿದೆ."

ಆ ಎರಡು ಮಾತು ನನ್ನ ಬಾಯಿಂದ ಯಾಕೆ ಬಂತು ಎಂದು ಇಂದಿಗೂ ಕೂತು ಯೋಚಿಸುತ್ತೇನೆ. ಇದ್ದಾರೆ ಎಂದಿದ್ದರೆ ಅವಳು ನಾಳೆಯೇ ಕರಕೊಂಡು ಬಾ ಎನ್ನುತ್ತಿದ್ದಳು. ಕರಕೊಂಡು ಬರಬೇಕೆಂದರೆ ನಾನು ಇಲ್ಲಿಗೆ ಬಂದದ್ದು ಹೊರಬೀಳುತ್ತಿತ್ತು. ಒದ್ದೆ ಕೈಯಲ್ಲಿ ಮಗ್ಗ ಹಿಡಿದು ನಿಂತು ಯಾರನ್ನು ಸುಳ್ಳುಗಾರ ಎಂದು ತೋರಿಸಿದ್ದೆನೋ ಆ ಮನುಷ್ಯನ ಮುಂದೆ, ಅದೇ ಮಂದಿಯ ನಡುವೆ ನಿಂತು, ನೀವು ಹೇಳಿದ್ದೇ ಖರೆ ಎನ್ನಬೇಕಾಗುತ್ತಿತ್ತು. ಹೇಳೋಣ, ಇನ್ನೆರಡು ದಿನ ಹೋಗಲಿ, ಒಬ್ಬರೇ ಸಿಕ್ಕಾಗ ಹೇಳೋಣ... ಬಸ್ಸಿನಲ್ಲಿ ಹೀಗೇ ಲೆಕ್ಕ ಹಾಕುತ್ತ ಬಂದೆ.

ಅವಳು ನನಗೆ ಕಲಿಸಿದ್ದು ದೊಡ್ಡ ವಿದ್ಯೆಯಲ್ಲ. ನೆಟ್ಟಗೆ ನಿಂತು ಗದ್ದವನ್ನು ಹಿಂದಕ್ಕೆ ಎಳೆದು, ಹತ್ತು ಎಣಿಸಿ ಬಿಡುವುದು. ಹೆಗಲಿನ ಹಿಂದಿನ ಎಲುಬುಗಳನ್ನು ಒಂದಕ್ಕೊಂದು ಕೂಡಿಸುವುದು. ಬಿಸಿ ನೀರಿನ ಕಾವು. ಲಾಳಿಗೆ ನೂಲಿನ ಕಂಡಿಕೆ ಬದಲಿಸಿದಾಗೊಮ್ಮೆ ತಲೆ ಎತ್ತಿ ಮಾಡಿನ ಕಡೆ ನೋಡುವುದು. ಮಗ್ಗದ ಮೇಲಿನ ದೀಪವನ್ನು ಕೆಳಗಿಳಿಸಿ ಕಟ್ಟಿದರೆ ಅಷ್ಟು ಬಗ್ಗಬೇಕಾಗಿಲ್ಲ ಎಂದಳು. ಎಂಟು ದಿನದಲ್ಲೇ ಕಲ್ಲು ಕರಗತೊಡಗಿತು. ವ್ಯಾಯಾಮವನ್ನು ಮಾತ್ರ ನೂಲಿನ ಗೋಡೌನಿನ ಹಿಂದೆ, ಯಾರೂ ಬರದ ಕಡೆ ನಿಂತು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅಲ್ಲಿಗೆ ಕಾಕಾ ಬಂದರು. ಅರ್ಥಿಂಗ್ ಗುಂಡಿ ಇದ್ದದ್ದು ಅಲ್ಲೇ, ಅವರು ನೀರು ಹಾಕುವ ಹೊತ್ತು ಮಾತ್ರ ಅದಲ್ಲ. ಗೋಡೆ ಹಿಡಿದುಕೊಂಡು, ಅರ್ಧ ಕೊಡ ನೀರು ಚೆಲ್ಲುತ್ತ ಬಂದರು. ಚಹಾದ ಹೊತ್ತಿನ ಆ ಮಾತಿನ ಮೇಲೆ ನಮ್ಮ ನಡುವೆ ಮಾತೇ ಇರಲಿಲ್ಲ. ನನ್ನನ್ನು ನೋಡಿ ನಿಂತರು.

"ಏನಲೇ, ಕೋಳಿ ಹಂಗ ಕುತ್ತಿಗಿ ಹಿಂದ ಮುಂದ ಮಾಡಾಕತ್ತೀ?"

ಬೇರೆ ಯಾರೂ ಇರಲಿಲ್ಲ. ನಾನು ಕಾಯುತ್ತಿದ್ದ ಹೊತ್ತು ಅದೇ ಆಗಿತ್ತು. ಅವರೇ ಬಂದು ಎದುರಿಗೆ ನಿಂತಿದ್ದರು, ಅವರೇ ಕುತ್ತಿಗೆಯ ಮಾತು ತೆಗೆದಿದ್ದರು.

"ಹಲ್ಲ ನೋಯಾಕತ್ತೈತ್ರಿ ಕಾಕಾ," ಎಂದೆ.

"ಹಲ್ಲ ನೋವಿಗೆ ಈ ಕುಣಿತ ಏನೋ!" ಎಂದು ಕೊಡ ಇಟ್ಟು ಕಿಸೆಗೆ ಕೈ ಹಾಕಿದರು. ಡಬ್ಬಿಯ ಮುಚ್ಚಳ ತೆಗೆಯಲು ಬಹಳ ಹೊತ್ತು ಹಿಡಿಯಿತು. ಕಡೆಗೆ ಹಲ್ಲಿನಿಂದ ಕಚ್ಚಿ ತೆಗೆದರು. ಒಂದು ಲವಂಗವನ್ನು ಹಿಡಿಯಲು ಹೋದರೆ ಅದು ಬೆರಳ ಸಂದಿಯಿಂದ ಬಿತ್ತು. ಇನ್ನೊಂದೂ ಬಿತ್ತು. ಡಬ್ಬಿಯನ್ನೇ ನನ್ನ ಅಂಗೈ ಮೇಲೆ ಬೋರಲು ಹಾಕಿದರು. "ಅಷ್ಟೂ ಇಟ್ಕೋ. ದವಡಿಯಾಗ ಒತ್ತಿ ಹಿಡಿ, ಹೋಗ್ತೈತಿ."

ನಾನು ಇಲ್ಲದ ಹಲ್ಲು ನೋವಿಗೆ ಆ ಲವಂಗ ಅಗಿದೆ. ಬಾಯೆಲ್ಲ ಉರಿಯಿತು. ಸಂಜೆ ಹೇಳಬೇಕು ಎಂದುಕೊಂಡೆ. ಸಂಜೆಗೆ ಅವರ ಆಟೋ ಬಂದುಬಿಟ್ಟಿತ್ತು.

ಮೂರನೆಯ ದಿನ ಬೆಳಿಗ್ಗೆ ಕಾಕಾ ಶೆಡ್ಡಿನ ಮುಂದೆ ಆಟೋದಿಂದ ಇಳಿದು ಗಟಾರದ ಮೇಲಿನ ಹಾಸುಗಲ್ಲು ದಾಟುವಾಗ ಕಾಲು ತೊಡರಿ ಮುಂದಕ್ಕೆ ಬಿದ್ದರು. ಭಾರೀ ಬೀಳುವುದೇನಲ್ಲ. ಸಣ್ಣ ಮಕ್ಕಳು ದಿನಕ್ಕೆ ಹತ್ತು ಸಲ ಹಾಗೆ ಬಿದ್ದು ಏಳುತ್ತಾರೆ. ಹಣೆ ಮೆಟ್ಟಿಲಿಗೆ ಬಡಿದು ಒಂದಿಷ್ಟು ರಕ್ತ ಬಂದಿತ್ತು. ನಾನು ಓಡಿ ಹೋಗಿ ರಟ್ಟೆಗೆ ಕೈ ಹಾಕಿದೆ.

"ಏಳ್ರಿ ಕಾಕಾ."

"ಎದ್ದೇನಲ್ಲೋ," ಎಂದರು. ಅವರು ಎದ್ದಿರಲಿಲ್ಲ. ಬಿದ್ದ ಹಾಗೆಯೇ ಇದ್ದರು. "ನನ್ನ ಕೈ ಎಲ್ಲಿ ಅದಾವ ನೋಡಲೇ..."

ಜಮಖಂಡಿಯ ಆ ಹೆಣ್ಣುಮಗಳು ಹೇಳಿದ ಮಾತು ಆಗ ತಲೆಗೆ ಬಂತು. ಕುತ್ತಿಗೆ ಅಲುಗಿಸಬೇಡಿ ಎಂದು ಒದರಿದೆ. ಪಕ್ಕದ ಶೆಡ್ಡಿನಿಂದ ಬಾಗಿಲು ತರಿಸಿ ಅದರ ಮೇಲೆ ಮಲಗಿಸಿ ಜಮಖಂಡಿಗೆ ಒಯ್ದೆವು. ಅಲ್ಲಿಂದ ಇನ್ನೂ ದೊಡ್ಡ ಊರಿಗೆ. ಆಪರೇಷನ್ ಆಯಿತು. ಬಹಳ ದಿನದಿಂದ ಒತ್ತಿಕೊಂಡಿದ್ದ ಹುರಿ, ಬಿದ್ದದ್ದು ನೆಪವಾಯಿತು ಎಂದರು ಡಾಕ್ಟರು. ಜೀವ ಉಳಿಯಿತು. ಉಳಿದದ್ದು ಅಷ್ಟೇ.

ಮುಂದಿನ ಒಂದೂವರೆ ವರ್ಷ ಕಾಕಾ ಚಿಮ್ಮಡದ ಮನೆಯಲ್ಲಿ ಮಂಚದ ಮೇಲೆ ಇದ್ದರು. ಅದೇ ಫಿಜಿಯೋ ಹೆಣ್ಣುಮಗಳನ್ನು ನಾನೇ ಹೋಗಿ ಕರಕೊಂಡು ಬಂದೆ. ಕೈಕಾಲು ಸೆಟೆದುಕೊಳ್ಳದ ಹಾಗೆ ಹೇಗೆ ಮಡಚಿ ಬಿಡಿಸಬೇಕು, ಬೆನ್ನು ಹುಣ್ಣಾಗದ ಹಾಗೆ ಎರಡು ತಾಸಿಗೊಮ್ಮೆ ಹೇಗೆ ಮಗ್ಗುಲು ಬದಲಿಸಬೇಕು ಎಂದು ಕಾಕಾನ ಹೆಂಡತಿ ಕಾಕುಗೂ ನನಗೂ ಕಲಿಸಿದಳು. ಅಂಗಳಕ್ಕೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ, "ಇವರಿಗೆ ಮೊದಲ ಏನರ ತ್ರಾಸ ಇತ್ತೇನ್ರಿ ಅಣ್ಣಾರ? ಕರೆಂಟ್ ಹೊಡದಂಗ?" ಎಂದು ಕೇಳಿದಳು. ನಾನು ಅವಳ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಮುಂದೆ ನಡೆದೆ. ಅವಳು ಎರಡನೆಯ ಸಲ ಕೇಳಲಿಲ್ಲ.

ರಜೆಯ ದಿನ ತಪ್ಪದೆ ಹೋಗುತ್ತಿದ್ದೆ. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಕಾಕು ಬಾಗಿಲಲ್ಲಿ ನಿಂತು, "ಹೊಟ್ಟ್ಯಾಗ ಹುಟ್ಟಿದ ಮಗಾ ಸುದ್ದಾ ಇಷ್ಟ ಮಾಡಂಗಿಲ್ಲಪಾ," ಎನ್ನುವರು. ಆ ಮಾತು ಕೇಳಿದಾಗಲೆಲ್ಲ ನನ್ನ ಕೈಯ ಬೆರಳು ನಿಲ್ಲುತ್ತಿದ್ದವು... ಗಂಟು ಹಾಕುತ್ತಿದ್ದ ಆ ಎರಡು ಬೆರಳು ಒಣ ಕಟ್ಟಿಗೆಯ ಹಾಗೆ ನನ್ನ ಅಂಗೈಯಲ್ಲಿ ಇರುತ್ತಿದ್ದವು.

ಒಂದು ದಿನ ಕಾಕು ನೀರಿಗೆ ಹೋದಾಗ ಎಲ್ಲ ಹೇಳಿಬಿಟ್ಟೆ. ಜಮಖಂಡಿಗೆ ಹೋದದ್ದು, ಅವಳು ಕೇಳಿದ್ದು, ನಾನು ಇಲ್ಲ ಎಂದದ್ದು, ಇಲ್ಲದ ಹಲ್ಲು ನೋವು. ಕಾಕಾ ಮಾಡಿನ ಕಡೆ ನೋಡುತ್ತ ಕೇಳಿಸಿಕೊಂಡರು.

"ನನ್ನ ಟೆಸ್ಟರ್ ಎಲ್ಲೈತಲೇ?" ಎಂದರು.

ಆಸ್ಪತ್ರೆಯಲ್ಲಿ ಬಿಚ್ಚಿದ ಅವರ ಅಂಗಿಯ ಜೊತೆ ಅದು ಮನೆಗೇ ಬಂದಿತ್ತು. ಗೂಡಿನಲ್ಲಿತ್ತು. ತೆಗೆದು ತೋರಿಸಿದೆ.

"ಕುತ್ತಿಗಿಗೆ ಹಚ್ಚು."

"ಕಾಕಾ..."

"ಹಚ್ಚಲೇ. ಮಗ್ಗಕ್ಕ ಹಚ್ಚಿ ನೋಡಿದ್ವಿ, ಮೋಟರಿಗೆ ಹಚ್ಚಿ ನೋಡಿದ್ವಿ. ಕುತ್ತಿಗಿ ಒಂದ ಉಳದೈತಿ."

ಹಚ್ಚಿದೆ. ಹೆಬ್ಬೆರಳನ್ನು ಟೆಸ್ಟರಿನ ತುದಿಗೆ ಒತ್ತಿ ಹಿಡಿದೆ. ಕಾಕಾನ ಕಣ್ಣು ಮಾತ್ರ ಕೆಳಗಿಳಿದು ಅದರ ಸಣ್ಣ ಗಾಜನ್ನು ನೋಡಿದವು.

"ಹತ್ತಿತೇನು?"

"ಇಲ್ರಿ."

"ಇದೂ ಸುಳ್ಳ ಹೇಳತೈತಿ," ಎಂದರು.

ಅಷ್ಟು ಹೇಳಿ ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ಅವರು ಹೊರಳಿಸಬಲ್ಲದ್ದು ಅದೊಂದೇ. ಬಯ್ಯಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಮುಂದೆ ಹೋದಾಗಲೆಲ್ಲ ಸುಮ್ಮನೆ ಕೈ ತಿಕ್ಕಿಸಿಕೊಂಡರು. ತಮ್ಮಾ ಎಂದು ಮಾತ್ರ ಮತ್ತೆ ಕರೆಯಲಿಲ್ಲ. ಟೆಸ್ಟರನ್ನು ನಾನು ಅಂದೇ ತಂದು ಅವರ ಮಗ್ಗದ ಪೆಟ್ಟಿಗೆಯಲ್ಲಿ, ಅರಿವೆಯ ಅಡಿಗೆ ಇಟ್ಟಿದ್ದೆ. ಒಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ನಾಲ್ಕು ದಿನದಲ್ಲಿ ಹೋದರು. ಹೊತ್ತವರಲ್ಲಿ ನಾನೂ ಒಬ್ಬ. ಹೆಗಲ ಮೇಲೆ ಭಾರವೇ ಇರಲಿಲ್ಲ.

ಈಗ ನನ್ನ ವ್ಯಾಯಾಮವನ್ನು ಶೆಡ್ಡಿನ ನಟ್ಟನಡುವೆ ನಿಂತು ಮಾಡುತ್ತೇನೆ. ಹುಂಜ ಬಂತು ಎಂದು ನಗುತ್ತಾರೆ, ನಗಲಿ. ಹೊಸಬರು ಕೆಲಸಕ್ಕೆ ಬಂದರೆ ಗದ್ದ ಎದೆಗೆ ಹಚ್ಚಿಸಿ, ಬೆನ್ನಿನಲ್ಲಿ ಏನಾದರೂ ಆಗುತ್ತದೆಯೇ ಎಂದು ಕೇಳುತ್ತೇನೆ. ಇಲ್ಲ ಎನ್ನುತ್ತಾರೆ. ಇದರಿಂದ ಕಾಕಾನಿಗೆ ಏನೂ ಆಗಬೇಕಾಗಿಲ್ಲ, ಅದು ನನಗೆ ಗೊತ್ತು. ಮೊದಲೇ ಒಯ್ದಿದ್ದರೆ ಆ ಬೆರಳು ಗಂಟು ಹಾಕುತ್ತಿದ್ದವೋ ಇಲ್ಲವೋ, ಅದು ಯಾರಿಗೂ ಗೊತ್ತಿಲ್ಲ. ಒಯ್ಯಲಿಲ್ಲ ಎಂಬುದು ಗೊತ್ತು.

ಹೋದ ವಾರ ಪೆಟ್ಟಿಗೆ ಖಾಲಿ ಮಾಡಿದ ಮೇಲೆ ಎದ್ದು, ಟೆಸ್ಟರನ್ನು ಗೋಡೆಯ ಬೋರ್ಡಿಗೆ ಚುಚ್ಚಿ, ಹೆಬ್ಬೆರಳು ಒತ್ತಿದೆ. ಇಷ್ಟು ವರ್ಷದ ಮೇಲೂ ಸಣ್ಣ ಕೆಂಪು ದೀಪ ಹತ್ತಿತು. ಕಾಕಾನ ಟೆಸ್ಟರು ಕೆಟ್ಟಿರಲಿಲ್ಲ. ನೂಲು ಸುತ್ತಿದ ಹಿಡಿಕೆ ಹಿಡಿದು ಬಹಳ ಹೊತ್ತು ಹಾಗೇ ನಿಂತಿದ್ದೆ. ಹಿಂದಿನಿಂದ ಯಾರೋ, ನಿಮ್ಮ ಮಗ್ಗದ ಎಳೆ ಹರಿದಿದೆ ಎಂದು ಕೂಗಿದರು. ಹೆಬ್ಬೆರಳು ತೆಗೆದೆ. ದೀಪ ಆರಿತು.